ವೇಷದವರನ್ನು ಕೂರಿಸಿಕೊಂಡು ಚಿತ್ರ ಬರೆಯಬಹುದೇ?

ಪ್ರಶ್ನೆ: ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2005ರಲ್ಲಿ ಶುರುವಾದ ಡಾಕ್ಟರ್ ಸ್ಕೆಚೀಸ್ ಎಂಬ ಚಿತ್ರ ಬರೆಯುವವರ ಕೂಟದಲ್ಲಿ ಕ್ಯಾಬರೆ, ಬರ್ಲೆಸ್ಕ್ (ಹಾಸ್ಯ, ಶೃಂಗಾರ ಬೆರೆತ ರಂಗಪ್ರದರ್ಶನ) ಕಲಾವಿದರು ವೇಷದಲ್ಲೇ ಮಾಡೆಲ್ ಆಗುತ್ತಾರಂತೆ. ನಮ್ಮಲ್ಲಿ ಯಕ್ಷಗಾನ ಕಲಾವಿದರನ್ನು ಕರೆದು ಹಾಗೆ ಮಾಡಬಹುದೇ?
– ಓದುಗರು, ಶಿರಸಿ

ಉತ್ತರ: ಖಂಡಿತ ಮಾಡಿ, ಕೇಳಿಯೇ ಖುಷಿಯಾಯಿತು. ಮೊದಲು ಒಂದೆರಡು ನಿಮಿಷದ ಭಂಗಿಗಳು, ಬರೆಯುವವರ ಕೈ ಸಡಿಲವಾಗಲಿ. ಆಮೇಲೆ 5, 10 ನಿಮಿಷದವು. 20 ನಿಮಿಷದ್ದಾದರೆ ಕೂತ ಭಂಗಿಯೇ ಇರಲಿ, ಯಾಕೆಂದರೆ ಮುಂಡಾಸು, ಎದೆಕಟ್ಟು, ಭುಜಕೀರ್ತಿ ಎಲ್ಲ ಕಟ್ಟಿಕೊಂಡು ಅಲ್ಲಾಡದೆ ನಿಲ್ಲೋದು ಸುಮ್ನೆ ಮಾತಲ್ಲ. ನಡುವೆ ಬಿಡುವು, ನೀರು, ಫ್ಯಾನ್ ಬೇಕೇ ಬೇಕು. ಬೆಳಕು ಒಂದೇ ಕಡೆಯಿಂದ ಬರಲಿ, ಬಟ್ಟೆಯ ನೆರಿಗೆ ಚೆನ್ನಾಗಿ ಕಾಣುತ್ತದೆ. ಬಣ್ಣ ಹಚ್ಚಿ ವೇಷ ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಲ್ವಾ, ಅದನ್ನೂ ಸೇರಿಸಿಯೇ ಸಂಭಾವನೆ ಕೊಡಿ. ಕೇಳದೆ ಯಾರೂ ಫೋಟೊ ತೆಗೆಯಬಾರದು ಅಂತ ಮೊದಲೇ ಹೇಳಿಬಿಡಿ.