ಯುರೋಪಿನ ಅನುದಾನ ನಮ್ಮ ಕಾಲೇಜಿಗೆ ಸಿಗುತ್ತದೆಯೇ?

ಮೈಸೂರಿನ ನಿಮ್ಮ ಕಾಲೇಜು ಡಿಜಿಟಲ್ ಖಾಸಗಿತನದ ಸಂಶೋಧನೆಗೆ ಯುರೋಪಿಯನ್ ಒಕ್ಕೂಟದ ಸಂಶೋಧನಾ ಅನುದಾನ ಯೋಜನೆಯಾದ ‘ಹೊರೈಜನ್ ಯುರೋಪ್’ನ ಹಣ ಪಡೆಯಬಹುದೇ ಎಂದು ಕೇಳಿದ್ದೀರಿ. ಯೋಜನೆಗೆ ಸೇರಬಹುದು ಮೇಡಂ, ಆದರೆ ಹಣ ತಾನಾಗಿ ಬರುವುದಿಲ್ಲ. ಹಾಗೆ ನೇರವಾಗಿ ಹಣ ಪಡೆಯುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಸಾಮಾನ್ಯವಾಗಿ ನಿಮ್ಮ ಪಾಲಿನ ಖರ್ಚನ್ನು ನೀವೇ ಹೊಂದಿಸಿಕೊಳ್ಳಬೇಕು. ನಿಮ್ಮ ವಿಭಾಗದಲ್ಲಿ ಪಿಎಚ್‌.ಡಿ. ಮುಗಿಸಿದ ಕಿರಿಯರಿದ್ದರೆ ಮೊದಲು ಯುರೋಪಿಗೆ ಹೋಗಿ ಸಂಶೋಧನೆ ಮಾಡಲು ಕೊಡುವ ಮೇರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕಿಸಿ. ಅದಕ್ಕೆ ಯಾವ ದೇಶದವರಾದರೂ ಸರಿ.

ಹಣಕ್ಕಿಂತ ದೊಡ್ಡ ತೊಡಕು ದತ್ತಾಂಶದ್ದು. 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್ ಪ್ರಕಾರ, ಅಲ್ಲಿನವರ ವೈಯಕ್ತಿಕ ಮಾಹಿತಿ ನಿಮ್ಮ ಸರ್ವರ್‌ಗೆ ಬರಬೇಕಾದರೆ ಸಾಮಾನ್ಯವಾಗಿ ಪ್ರಮಾಣಿತ ಒಪ್ಪಂದದ ಕಲಮುಗಳಿಗೆ (ಮಾಹಿತಿಯನ್ನು ಕಾಪಾಡುವ ಸಿದ್ಧ ಷರತ್ತುಗಳಿಗೆ) ಎರಡೂ ಕಡೆಯವರ ಸಹಿ ಬೇಕು. ಆ ಒಂದು ಸಹಿಗಾಗಿ ಕಾದು ನನ್ನ ವಿದ್ಯಾರ್ಥಿನಿಯೊಬ್ಬಳು ಇಡೀ ಸೆಮಿಸ್ಟರ್ ಕಳೆದುಕೊಂಡಳು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಅರ್ಜಿ ಬರೆಯುವ ದಿನವೇ ಕಾನೂನು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.