ಸಂಕ್ರಾಂತಿ ಫೋಟೋಶೂಟ್‌ಗೆ ಎತ್ತಿನ ಜೋಡಿ ಬಾಡಿಗೆಗೆ ಎಲ್ಲಿ ಸಿಗುತ್ತದೆ? ಮಾಡೆಲ್ ಹುಡುಗರು ಎಂಥವರಿರಬೇಕು?

ಪಂಚೆ-ಶರ್ಟ್ ಬ್ರ್ಯಾಂಡ್, ಜಿಮ್ ಮೈಕಟ್ಟಿನ ಇಬ್ಬರು ಹುಡುಗರು, ಒಂದು ಜೋಡಿ ಹಳ್ಳಿಕಾರ್ ಎತ್ತು, ಎತ್ತಿಗೆ ಕೂಲಿಂಗ್ ಗ್ಲಾಸ್ ಹಾಕುವಂಥ ಸ್ವಲ್ಪ ತಮಾಷೆ ಬೇಕು. ನೀವು ಬರೆದಿರುವುದು ಇಷ್ಟೇ ಅಲ್ವಾ? ನಮ್ಮ ಶೂಟ್ ಕೂಡ ಇದೇ ಆಗಿತ್ತು. ನಮ್ಮ ಕ್ಲೈಂಟ್ ಮಾದರಿಗೆ ಅಂತ ತೋರಿಸಿದ್ದು ಆಸ್ಟ್ರೇಲಿಯಾದ ಫೈರ್‌ಫೈಟರ್ ಕ್ಯಾಲೆಂಡರ್. 1993ರಿಂದ ಬರುತ್ತಿದೆ, ಗಟ್ಟಿಮುಟ್ಟಾದ ಗಂಡಸರು ನಾಯಿಮರಿಯನ್ನೋ ಕೋಲಾವನ್ನೋ ಎತ್ತಿಕೊಂಡು ನಗುವ ಫೋಟೋಗಳು. ಅಲ್ಲಿ ಪ್ರಾಣಿ ತೋಳಲ್ಲಿ ಹಿಡಿಸುತ್ತದೆ. ಎತ್ತು ಹಿಡಿಸುವುದಿಲ್ಲ.

ನಾವು ಬೆಂಗಳೂರಿನ ಹೊರಗೆ ಒಂದು ಫಾರ್ಮ್‌ಹೌಸ್ ಹಿಡಿದು, ರಾಮನಗರದ ಕಡೆಯಿಂದ ಟೆಂಪೋದಲ್ಲಿ ಎತ್ತುಗಳನ್ನು ತರಿಸಿದೆವು. ಮೈಗೆ ಅರಿಶಿನ, ಕೊರಳಿಗೆ ಗೆಜ್ಜೆ. ಒಂದರ ಕೊಂಬಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು. ಹಸಿರು ಶರ್ಟಿನ ಹುಡುಗ ನಿಂತಿದ್ದು ಎಡಗಡೆ. ಅವನ ಪಕ್ಕದಲ್ಲಿ ಕೆಂಪು ಕೊಂಬು ಬಂದರೆ ಚೆನ್ನಾಗಿರುತ್ತದೆ ಅಂತ ನಾನೇ ಎತ್ತುಗಳನ್ನು ಅದಲು ಬದಲು ಮಾಡಿಸಿದೆ. ಎತ್ತಿನ ಯಜಮಾನರು ಕೂಡಲೇ ಹೇಳಿದರು, "ಬೇಡ ಸ್ವಾಮಿ, ಅದು ಬಲದ್ದು, ಇದು ಎಡದ್ದು." ನಾನು ಕೇಳಲಿಲ್ಲ. ಮೇಲಾಗಿ ಫ್ರೇಮಿನಲ್ಲಿ ಕಾಣುತ್ತೀರಿ ಅಂತ ಅವರನ್ನು ಪರದೆಯ ಹಿಂದಕ್ಕೆ ಕಳಿಸಿದೆ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದರೆ ಈ ವಿಷಯ ಶೂಟ್ ಮಾಡುವವರಿಗೆ ಯಾರೂ ಹೇಳುವುದಿಲ್ಲ. ಉಳುವ ಎತ್ತನ್ನು ಸಾಮಾನ್ಯವಾಗಿ ನೊಗದ ಒಂದೇ ಪಕ್ಕಕ್ಕೆ ಪಳಗಿಸುತ್ತಾರೆ. ಎಡಕ್ಕೆ ಕಟ್ಟಿದ್ದು ಎಡಕ್ಕೇ. ಜೊತೆಗಾರ ಯಾವಾಗಲೂ ತನ್ನ ಬಲಕ್ಕೇ ಇರುತ್ತಾನೆ ಅನ್ನುವುದು ಅದರ ಮೈಗೆ ಒಗ್ಗಿಹೋಗಿರುತ್ತದೆ. ದನಗಳ ಕಣ್ಣು ತಲೆಯ ಎರಡೂ ಪಕ್ಕದಲ್ಲಿ ಇರುತ್ತವೆ, ಹಾಗಾಗಿ ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟು ಸುತ್ತಲೂ ಕಾಣುತ್ತದೆ. ಅಂದರೆ ಆ ಕೆಂಪು ಕೊಂಬಿನ ಎತ್ತಿಗೆ, ಇಷ್ಟು ವರ್ಷ ಜೊತೆಗಾರ ಕಾಣುತ್ತಿದ್ದ ಕಣ್ಣಿಗೆ ಈಗ ಕಂಡಿದ್ದು ಸೆಂಟು ಹಾಕಿಕೊಂಡ ಹೊಸ ಹುಡುಗ, ಅವನಾಚೆಗೆ ಬಿಳಿ ಛತ್ರಿಯ ಫ್ಲಾಶ್. ಯಜಮಾನರು ಎಲ್ಲೂ ಇಲ್ಲ.

ಮೊದಲ ಫ್ಲಾಶ್‌ಗೆ ಅದು ತಲೆ ಎತ್ತಿ ಮೂಗಿನ ಹೊಳ್ಳೆ ಅಗಲಿಸಿತು. ಎರಡನೆಯದಕ್ಕೆ ತಿರುಗಿ, ತನ್ನ ಹಳೇ ಜಾಗಕ್ಕೆ ಹೋಗುವ ಹಾಗೆ ನುಗ್ಗಿತು. ಹುಡುಗ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ, ಅಂಗೈ ಚರ್ಮ ಸುಲಿದುಹೋಯಿತು. ಲೈಟ್ ಸ್ಟ್ಯಾಂಡ್ ನೆಲಕ್ಕೆ ಬಿತ್ತು. ಯಜಮಾನರು ಓಡಿ ಬಂದು "ಹೋ... ಹೋ..." ಅಂದಿದ್ದಷ್ಟೇ, ಎರಡೂ ನಿಂತವು. ಆಮೇಲೆ ಅವರು ಎತ್ತುಗಳನ್ನು ಟೆಂಪೋಗೆ ಹತ್ತಿಸಿಕೊಂಡು ಹೊರಟೇಬಿಟ್ಟರು, ಸರಿಯಾಗಿಯೇ ಮಾಡಿದರು. ಕ್ಲೈಂಟ್ ಬಾಕಿ ದುಡ್ಡು ಕೊಡಲಿಲ್ಲ, ಲೈಟಿನ ನಷ್ಟ ನಮ್ಮ ಮೇಲೇ ಬಂತು. ಹುಡುಗರಿಬ್ಬರೂ ಶರ್ಟ್ ಬದಲಾಯಿಸಿಕೊಂಡಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ.

ಅದಕ್ಕೇ ಹೇಳುತ್ತಿದ್ದೇನೆ, ಬಾಡಿಗೆಗೆ ಹುಡುಕಲೇಬೇಡಿ. ಎತ್ತು ಇರುವಲ್ಲಿಗೆ ನೀವು ಹೋಗಿ. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್-ಜನವರಿ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ರೈತರು ಎತ್ತು ಕಟ್ಟಲು ಪೆಂಡಾಲ್ ಹಾಕಿ, ತಾವೂ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿ ನಿಂತಿರುತ್ತಾರೆ. ನಿಮ್ಮ ಮಾಡೆಲ್ ಅಲ್ಲೇ ಇದ್ದಾನೆ. ಎತ್ತಿನ ಜೊತೆ ಬೆಳೆದ ಹುಡುಗನ ಕೈ ಹಗ್ಗ ಹಿಡಿಯುವ ರೀತಿಯೇ ಬೇರೆ, ಅದನ್ನು ಯಾವ ಮಾಡೆಲಿಂಗ್ ಏಜೆನ್ಸಿಯೂ ಕಲಿಸುವುದಿಲ್ಲ. ನಾವು ಮುಂದಿನ ಶೂಟ್ ಹೀಗೇ ಮಾಡಿದೆವು, ಕೆರೆ ಹತ್ತಿರ, ಬೆಳಗಿನ ಬಿಸಿಲಲ್ಲಿ, ಫ್ಲಾಶ್ ಇಲ್ಲದೆ. ಹುಡುಗ ಎತ್ತಿನ ಮೈ ತಿಕ್ಕುತ್ತಿದ್ದಾಗ ಅದು ಕತ್ತು ತಿರುಗಿಸಿ ಅವನ ಸೊಂಟಕ್ಕೆ ಸಿಕ್ಕಿಸಿದ್ದ ಕಬ್ಬಿನ ಗರಿ ಎಳೆಯಿತು, ಪಂಚೆ ಬಿಚ್ಚಿಹೋಗುತ್ತದೆ ಅಂತ ಅವನು ಎರಡು ಕೈಯಲ್ಲೂ ಹಿಡಿದುಕೊಂಡು ನಕ್ಕುಬಿಟ್ಟ. ಆ ಫೋಟೋವನ್ನೇ ಬ್ರ್ಯಾಂಡ್‌ನವರು ಆರಿಸಿದರು. ನಿಮಗೆ ಬೇಕಾದ ತಮಾಷೆ ಅದು. ಎತ್ತಿಗೆ ಕೂಲಿಂಗ್ ಗ್ಲಾಸ್ ಹಾಕುವ ನಿಮ್ಮ ಐಡಿಯಾ ಮಾತ್ರ ದಯವಿಟ್ಟು ಬಿಡಿ.

ಕ್ಯಾಮೆರಾಗೋಸ್ಕರ ಕಿಚ್ಚು ಹಾಯಿಸುವುದೂ ಬೇಡ. ಅಂದಕ್ಕೆ ಅಂತ ಫ್ರೇಮಿನಲ್ಲಿ ಗಿಣಿ ಇಡುವುದಂತೂ ಬೇಡವೇ ಬೇಡ, ನಮ್ಮ ದೇಶದ ಗಿಣಿಗಳನ್ನು ಸಾಕುವುದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. 2011ರಲ್ಲಿ ಕೇಂದ್ರ ಸರ್ಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತ್ತು, ಹಾಗಾಗಿ ಜಾಹೀರಾತು ಅಂದಮೇಲೆ ಮೊದಲೇ ಒಬ್ಬ ವಕೀಲರ ಹತ್ತಿರ ಮಾತಾಡಿ.

ಸ್ಟುಡಿಯೋದಲ್ಲೇ ಆಗಬೇಕು ಅಂತ ಕ್ಲೈಂಟ್ ಹಟ ಹಿಡಿದರೆ ಎತ್ತು ಕೈಬಿಡಿ, ಬನ್ನೂರು ಕುರಿಮರಿ ತರಿಸಿ. ಗಿಡ್ಡ ಕಾಲು, ಬಿಳಿ ಮೈ, ತೋಳಲ್ಲಿ ಹಿಡಿಸುತ್ತದೆ. ತಾಯಿ ಕುರಿಯನ್ನೂ ಜೊತೆಗೇ ಕರೆತರಲು ಹೇಳಿ, ಮರಿಗೆ ಕಾಣುವ ಹಾಗೆ ಕಟ್ಟಿಸಿ. ಕುರಿ ಸಾಕಿದವರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅವರೇ ಹೇಳಲಿ, ಫ್ರೇಮಿನಲ್ಲಿ ಕಂಡರೂ ಪರವಾಗಿಲ್ಲ.