‘ಪ್ಯಾಕೇಜ್ ಮುಗಿಯಿತು’ ಎಂದರೆ ಮನೆಗೆ ಹೊರಡಬೇಕೆ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಆಯುಷ್ಮಾನ್ ಕಾರ್ಡಿನಲ್ಲಿ ಲ್ಯಾಪ್ರೊಸ್ಕೋಪಿ ಮಾಡಿ ಪಿತ್ತಕೋಶ ತೆಗೆದರು. ಎರಡನೇ ದಿನ, ಸಣ್ಣ ಜ್ವರ ಇದ್ದಾಗಲೇ, ‘ಪ್ಯಾಕೇಜ್ ದಿನ ಮುಗಿಯಿತು, ಇನ್ನೂ ಇದ್ದರೆ ದುಡ್ಡು ಕಟ್ಟಿ’ ಎಂದರು. ಇದು ಸರಿಯೇ?
– ಓದುಗರು, ಹಾವೇರಿ

ಉತ್ತರ: ಕೊಟ್ಟ ಕಾರಣ ತಪ್ಪು. ಶಸ್ತ್ರಚಿಕಿತ್ಸೆಯ ಪ್ಯಾಕೇಜ್ ಎಂದರೆ ಆ ಚಿಕಿತ್ಸೆಗೆ ಒಟ್ಟಾಗಿ ಕೊಡುವ ಹಣ. ಹಾಸಿಗೆ, ನರ್ಸಿಂಗ್, ವೈದ್ಯರ ಶುಲ್ಕ, ಅರಿವಳಿಕೆ, ಔಷಧ, ಪರೀಕ್ಷೆ, ರೋಗಿಯ ಊಟ ಎಲ್ಲ ಅದರಲ್ಲೇ ಬರುತ್ತದೆ. ಇಷ್ಟು ದಿನ ದಾಟಿದರೆ ರೋಗಿಯೇ ಹಣ ಕೊಡಬೇಕು ಎಂಬ ನಿಯಮವಿಲ್ಲ. ಆದರೆ ರೋಗಿ ಎರಡು ದಿನವಿದ್ದರೂ ಐದು ದಿನವಿದ್ದರೂ ಆಸ್ಪತ್ರೆಗೆ ಸಿಗುವುದು ಒಂದೇ ಮೊತ್ತ. ಹೆಚ್ಚಿನ ದಿನಗಳ ಖರ್ಚು ಆಸ್ಪತ್ರೆಯ ಮೇಲೆ ಬೀಳುತ್ತದೆ. ಬೇಗ ಕಳುಹಿಸುವ ಒತ್ತಡ ಹುಟ್ಟುವುದು ಅಲ್ಲಿಂದ.

ಹಾಗೆಂದು ಬೇಗ ಕಳುಹಿಸಿದ್ದೆಲ್ಲ ಅನ್ಯಾಯವಲ್ಲ. ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದವರು ತೊಡಕಿಲ್ಲದಿದ್ದರೆ ಮಾರನೆಯ ದಿನವೇ ಮನೆಗೆ ಹೋಗಬಹುದು. ನೋಡಬೇಕಾದದ್ದು ದಿನಗಳ ಲೆಕ್ಕವನ್ನಲ್ಲ, ಮೈಯ ಸ್ಥಿತಿಯನ್ನು: ಜ್ವರವಿಲ್ಲವೇ, ಊಟ ವಾಂತಿಯಾಗದೆ ಇಳಿಯುತ್ತಿದೆಯೇ, ಮೂತ್ರ ಸಲೀಸಾಗಿ ಹೋಗುತ್ತಿದೆಯೇ, ನೋವು ಇಂಜೆಕ್ಷನ್ ಇಲ್ಲದೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತಿದೆಯೇ, ಶೌಚಾಲಯದವರೆಗೆ ನಡೆದು ಹೋಗಬಲ್ಲರೇ. ಜ್ವರವಿದ್ದರೆ ಅದಕ್ಕೆ ಕಾರಣವೇನೆಂದು ವೈದ್ಯರು ನೋಡಿ ಹೇಳುವ ಮೊದಲು ಹೊರಡಬೇಡಿ. ಪಿತ್ತರಸ ಸೋರಿಕೆಯಂಥ ತೊಂದರೆ ಕೆಲವು ದಿನ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ. ಹೊಟ್ಟೆನೋವು ಏರುತ್ತಾ ಹೋದರೆ, ಜ್ವರ 100.4 ಡಿಗ್ರಿ ದಾಟಿದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಮರಳಿ.

ಡಿಸ್ಚಾರ್ಜ್ ಆದ ನಂತರದ 15 ದಿನಗಳ ಔಷಧ ಮತ್ತು ಮರುತಪಾಸಣೆಯೂ ಆಯುಷ್ಮಾನ್ ಪ್ಯಾಕೇಜಿನೊಳಗೇ ಇದೆ. ಬಹಳ ಮಂದಿ ಇದನ್ನು ಕೇಳಿ ಪಡೆಯದೆ ಹೊರಗೆ ಮಾತ್ರೆ ಕೊಳ್ಳುತ್ತಾರೆ. ಹಣ ಕೇಳಿದರೆ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಬಳಿ ಹೋಗಿ, ‘ಯಾವ ಕಾರಣಕ್ಕೆ, ಎಷ್ಟು’ ಎಂದು ಬರೆದುಕೊಡಲು ಕೇಳಿ. ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಡೆಂಗಿ, ನ್ಯುಮೋನಿಯಾದಂಥ ಶಸ್ತ್ರಚಿಕಿತ್ಸೆ ಇಲ್ಲದ ಕಾಯಿಲೆಗಳ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ದಿನಕ್ಕಿಷ್ಟು ಎಂದು ಹಣ. ದಿನ ಮುಂದುವರಿಸಲು ಆಸ್ಪತ್ರೆಯವರು ರೋಗಿಯ ಸ್ಥಿತಿಯ ವರದಿ ಕಳುಹಿಸಿ ಮತ್ತೆ ಅನುಮತಿ ಪಡೆಯಬೇಕು. ಆ ಕಾಗದ ಹೋಗದೇ ಉಳಿದಾಗಲೂ ರೋಗಿಗೆ ‘ಕಾರ್ಡ್ ಮುಗಿಯಿತು’ ಎಂಬ ಉತ್ತರ ಸಿಗಬಹುದು. ‘ವಿಸ್ತರಣೆಗೆ ಕಳುಹಿಸಿದ್ದೀರಾ?’ ಎಂದು ನೇರವಾಗಿ ಕೇಳಿ.

ಪ್ರಶ್ನೆ: ಪ್ಯಾಕೇಜ್ ಪದ್ಧತಿಯಿಂದ ಆಸ್ಪತ್ರೆಯಲ್ಲಿರುವ ದಿನಗಳು ನಿಜಕ್ಕೂ ಕಡಿಮೆಯಾಗುತ್ತವೆಯೇ?
– ಓದುಗರು, ಮೈಸೂರು

ಉತ್ತರ: ಆಗುತ್ತವೆ. ಮುಖ್ಯವಾಗಿ ವೃದ್ಧರಿಗಾಗಿ ಇರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಯೋಜನೆ 1983ರ ಅಕ್ಟೋಬರಿನಿಂದ, ಆದ ಖರ್ಚನ್ನು ತುಂಬಿಕೊಡುವುದು ಬಿಟ್ಟು, ಕಾಯಿಲೆಯ ಗುಂಪಿಗೆ ಇಷ್ಟೆಂದು ಮೊದಲೇ ದರ ನಿಗದಿ ಮಾಡಿತು. ವೃದ್ಧ ರೋಗಿಗಳ ವಾಸ್ತವ್ಯ ಬೇಗನೆ ಇಳಿಯಿತು. ಇದನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯ ಸಂಶೋಧಕರಿಗೆ, ಈ ಪದ್ಧತಿಯಿಂದ ಸಾವು ಹೆಚ್ಚಿದ್ದು ಕಾಣಲಿಲ್ಲ. ಆದರೆ ಪೂರ್ತಿ ಚೇತರಿಸಿಕೊಳ್ಳದೆ ಮನೆಗೆ ಹೋದವರ ಪ್ರಮಾಣ ಏರಿತ್ತು. ಎರಡನ್ನೂ ಒಟ್ಟಿಗೆ ನೆನಪಿಡಬೇಕು. 2012ರ ಅಕ್ಟೋಬರಿನಿಂದ ಅಲ್ಲಿ, ಕೆಲವು ಕಾಯಿಲೆಗಳಲ್ಲಿ 30 ದಿನಗಳೊಳಗೆ ಮರುದಾಖಲಾಗುವವರು ನಿರೀಕ್ಷೆಗಿಂತ ಹೆಚ್ಚಿದ್ದರೆ ಆ ಆಸ್ಪತ್ರೆಗೆ ಬರುವ ಹಣವನ್ನು ಕಡಿತ ಮಾಡುತ್ತಾರೆ. ದಿನ ಉಳಿಸಲು ಒತ್ತುವ ಯಾವ ಯೋಜನೆಗೂ ಇಂಥದೊಂದು ಕಾವಲು ಬೇಕೇ ಬೇಕು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಖಾಸಗಿ ವಿಮೆ ಇದೆ. ಕಣ್ಣಿನ ಪೊರೆ ತೆಗೆಸಿದ ಅಪ್ಪನನ್ನು ‘24 ಗಂಟೆ ಇರದಿದ್ದರೆ ವಿಮೆ ಸಿಗುವುದಿಲ್ಲ’ ಎಂದು ರಾತ್ರಿ ಉಳಿಸಿಕೊಂಡರು. ಮಾರನೆಯ ದಿನ ಬಿಲ್ ಮಂಜೂರಾತಿಗೆ ಸಂಜೆಯವರೆಗೆ ಕಾಯಿಸಿದರು.
– ಓದುಗರು, ಶಿವಮೊಗ್ಗ

ಉತ್ತರ: ಪೊರೆ, ಡಯಾಲಿಸಿಸ್, ಕೀಮೊಥೆರಪಿ ಡೇ ಕೇರ್ ಚಿಕಿತ್ಸೆಗಳು, ಅಂದರೆ ಒಂದು ದಿನದೊಳಗೆ ಮುಗಿಯುವಂಥವು. ಇವಕ್ಕೆ 24 ಗಂಟೆಯ ಷರತ್ತಿಲ್ಲ. ನಿಮ್ಮ ಪಾಲಿಸಿಯ ಡೇ ಕೇರ್ ಕಲಂ ತೋರಿಸಿ. ಜ್ವರಕ್ಕೆ ಡ್ರಿಪ್ ಹಾಕಿಸಿ 20 ಗಂಟೆಗೆ ಹೊರಬಂದರೆ ಮಾತ್ರ ಆ ಷರತ್ತು ಅಡ್ಡ ಬರುತ್ತದೆ. ಬರೀ ಪರೀಕ್ಷೆಗಳಿಗಾಗಿ ದಾಖಲಾದರೆ ಎಷ್ಟು ದಿನವಿದ್ದರೂ ಕ್ಲೇಮ್ ತಿರಸ್ಕಾರವಾಗಬಹುದು.

ಕಾಯಿಸಿದ ವಿಷಯ: ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ಸುತ್ತೋಲೆಯಂತೆ, ನಗದುರಹಿತ ಚಿಕಿತ್ಸೆಯಲ್ಲಿ ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಮಂಜೂರಾತಿ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಭರಿಸಬೇಕಾದದ್ದು ಕಂಪನಿ. ಆದರೆ ಗಡಿಯಾರ ಓಡಲು ಶುರುವಾಗುವುದು ಬಿಲ್ ಕಳುಹಿಸಿದ ಮೇಲೆ. ತಡ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲೇ ಆಗಿರಬಹುದು. ಹಿಂದಿನ ದಿನ ಸಂಜೆಯೇ ‘ನಾಳೆ ಡಿಸ್ಚಾರ್ಜ್ ಇದೆಯೇ’ ಎಂದು ವೈದ್ಯರನ್ನು ಕೇಳಿಕೊಂಡು, ಬೆಳಗಿನ ರೌಂಡ್ಸ್ ಮುಗಿದ ಕೂಡಲೇ ಡಿಸ್ಚಾರ್ಜ್ ಸಮರಿ (ಚಿಕಿತ್ಸೆಯ ಸಾರಾಂಶ) ಬರೆಸಿಕೊಳ್ಳಿ. ಬಿಲ್ ಎಷ್ಟು ಗಂಟೆಗೆ ಹೋಯಿತು ಎಂಬುದನ್ನು ವಿಮಾ ಡೆಸ್ಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.